ನೌಕಾ ಇತಿಹಾಸ, ಅಡ್ಮಿರಲ್‌ಗಳು: ಹಾಸನ ಕಡೆ ಕ್ವಿಜ್ ಹುಡುಗರು ಪದೇ ಪದೇ ಕೇಳೋ ಪ್ರಶ್ನೆಗಳು

ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆ ಸ್ಕೂಲು ಕಾಲೇಜು ಕ್ವಿಜ್‌ಗೆ ಹೋಗೋ ಮಕ್ಕಳು, ಅವರನ್ನ ರೆಡಿ ಮಾಡೋ ಮೇಷ್ಟ್ರುಗಳು, ಕಾಂಪಿಟೇಟಿವ್ ಎಕ್ಸಾಮಿಗೆ ಓದೋರು ಸಿಕ್ಕಾಗೆಲ್ಲ ಕೇಳೋದು, ವಾಟ್ಸಾಪ್‌ನಲ್ಲಿ ಕಳಿಸೋದು, ಕಾಗದ ಬರೆಯೋದು ಎಲ್ಲಾ ಸೇರಿಸಿ ಇಲ್ಲಿ ಹಾಕಿದೀನಿ. ಪ್ರಶ್ನೆಗಳನ್ನ ಅವರು ಕೇಳಿದ ಹಾಗೇ ಇಟ್ಟಿದೀನಿ. ನೌಕಾಪಡೆ ಅಂದ ತಕ್ಷಣ ನಮ್ಮಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಬಗ್ಗೆ ಕೇಳ್ತಾರೆ, ನೇವಿ ಡೇ ಕೇಳ್ತಾರೆ, ಅಲ್ಲಿಗೆ ಮುಗೀತು. ಅದರಲ್ಲೂ ಅರ್ಧ ಉತ್ತರಗಳೇ ಓಡಾಡ್ತಾ ಇರ್ತವೆ. ನಮ್ಮ ಕರಾವಳಿಯಲ್ಲೇ ನಡೆದಿದ್ದನ್ನ ಕೇಳೋರೇ ಇಲ್ಲ, ಅದು ನನಗೆ ತುಂಬಾ ಬೇಜಾರು. ಅದಕ್ಕೇ ಸುಲಭದ್ದು ಮೊದಲು, ಕಷ್ಟದ್ದೂ ನಮ್ಮೂರಿಗೆ ಹತ್ತಿರದ್ದೂ ಆಮೇಲೆ ಬರೋ ಹಾಗೆ ಜೋಡಿಸಿದೀನಿ.

## ಈಗ ತಾನೇ ಶುರು ಮಾಡ್ತಿರೋರಿಗೆ

ಸರ್, ನಾವು ಘಟ್ಟದ ಮೇಲಿನೋರು, ಸಮುದ್ರ ನೋಡೋದೇ ಸ್ಕೂಲ್ ಟ್ರಿಪ್‌ನಲ್ಲಿ, ನೇವಿಗೂ ಹಾಸನಕ್ಕೂ ಏನ್ ಸಂಬಂಧ?

ಸಂಬಂಧ ಇದೆ, ಅದೂ ಊರೊಳಗೇ ಇದೆ. ಸಾಲಗಾಮೆ ರೋಡಲ್ಲಿ ಹೋಗ್ತಾ ದೊಡ್ಡ ದೊಡ್ಡ ಬಿಳಿ ಡಿಶ್‌ಗಳು ಕಾಣ್ತವಲ್ಲ, ಇಸ್ರೋದ ಎಂಸಿಎಫ್, ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. 2013ರ ಆಗಸ್ಟ್ 30ಕ್ಕೆ ಫ್ರೆಂಚ್ ಗಯಾನಾದ ಕುರೂನಿಂದ ಏರಿಯಾನ್-5 ರಾಕೆಟ್‌ನಲ್ಲಿ ಜಿಸ್ಯಾಟ್-7 ಅನ್ನೋ ಉಪಗ್ರಹ ಹಾರಿತು, ರುಕ್ಮಿಣಿ ಅಂತಾನೂ ಕರೀತಾರೆ. ನಮ್ಮ ನೌಕಾಪಡೆಗೋಸ್ಕರಾನೇ ಮಾಡಿದ ಮೊದಲ ಸಂಪರ್ಕ ಉಪಗ್ರಹ ಅದು. ರಾಕೆಟ್ಟಿಂದ ಬೇರೆ ಆದಮೇಲೆ ಅದರ ಕಂಟ್ರೋಲ್ ತಗೊಂಡಿದ್ದು ಹಾಸನದ ಎಂಸಿಎಫ್. ಹಡಗು, ಸಬ್‌ಮೆರಿನ್, ವಿಮಾನ ಎಲ್ಲಾ ಒಬ್ಬರಿಗೊಬ್ಬರು ಮಾತಾಡ್ಕೊಳ್ಳೋಕೆ ಬೇಕಾದ ಉಪಗ್ರಹವನ್ನ ಸರಿಯಾದ ಜಾಗಕ್ಕೆ ತಂದು ನಿಲ್ಸಿದ್ದು ಸಮುದ್ರ ಕಾಣದ ಊರು, ಈ ಪ್ರಶ್ನೆ ನಮ್ಮ ಜಿಲ್ಲೆ ಕ್ವಿಜ್‌ನಲ್ಲೇ ಯಾರೂ ಕೇಳಲ್ಲ.

ನೇವಿ ಡೇ ಡಿಸೆಂಬರ್ 4 ಅಂತ ಗೊತ್ತು, ಯಾಕೆ ಅಂತ ಕೇಳಿದ್ರೆ ಏನ್ ಹೇಳಬೇಕು?

1971ರ ಯುದ್ಧದಲ್ಲಿ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಮೇಲೆ ನಡೆದ ದಾಳಿ, ಆಪರೇಷನ್ ಟ್ರೈಡೆಂಟ್. ಇಷ್ಟು ಹೇಳಿದ್ರೆ ಮಾರ್ಕ್ಸ್ ಬರುತ್ತೆ, ಆದ್ರೆ ಒಳಗಿನ ಕತೆ ಗೊತ್ತಿದ್ರೆ ಮರೆಯೋದೇ ಇಲ್ಲ. ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ಸಣ್ಣ ಮಿಸೈಲ್ ಬೋಟ್‌ಗಳು, ರಷ್ಯಾದಿಂದ ತಂದಿದ್ದು. ಇವು ಬಂದರಿನ ಹತ್ತಿರ ಕಾವಲಿಗೆ ಅಂತ ಮಾಡಿದ ಬೋಟು, ದೂರ ಹೋಗೋ ಶಕ್ತಿ ಇಲ್ಲ, ಅದಕ್ಕೇ ದಾರೀಲಿ ಒಂದಷ್ಟು ದೂರ ದೊಡ್ಡ ಹಡಗಿಗೆ ಕಟ್ಟಿ ಎಳ್ಕೊಂಡು ಹೋದ್ರು, ಕಿಲ್ತಾನ್, ಕಚ್ಚಲ್ ಅನ್ನೋ ಎರಡು ಹಡಗು ಜೊತೆಗಿದ್ವು. ಪಾಕಿಸ್ತಾನದ ಖೈಬರ್ ಅನ್ನೋ ಡಿಸ್ಟ್ರಾಯರ್, ಮುಹಾಫಿಜ್ ಅನ್ನೋ ಮೈನ್‌ಸ್ವೀಪರ್ ಮುಳುಗಿದ್ವು, ನಮ್ಮ ಕಡೆ ಒಂದು ಬೋಟೂ ಹೋಗ್ಲಿಲ್ಲ. ಬೋಟ್‌ಗಳ ಗುಂಪಿನ ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್, ಆಗ ನೌಕಾಪಡೆ ಮುಖ್ಯಸ್ಥರು ಅಡ್ಮಿರಲ್ ಎಸ್.ಎಂ. ನಂದಾ. ಟ್ರೈಡೆಂಟ್ ಆಗಿ ನಾಲ್ಕು ದಿನಕ್ಕೆ ಮತ್ತೆ ಕರಾಚಿ ಮೇಲೆ ದಾಳಿ ಆಯ್ತು, ಅದು ಆಪರೇಷನ್ ಪೈಥಾನ್, ಬೋಟಿನ ಹೆಸರು ವಿನಾಶ್. ಎರಡನ್ನೂ ಕಲಸಿಬಿಡ್ತಾರೆ, ಹುಷಾರು.

ರಿಯರ್ ಅಡ್ಮಿರಲ್ ದೊಡ್ಡೋರಾ ವೈಸ್ ಅಡ್ಮಿರಲ್ ದೊಡ್ಡೋರಾ? ಯಾವಾಗ್ಲೂ ಕನ್‌ಫ್ಯೂಸ್ ಆಗುತ್ತೆ

ಕೆಳಗಿಂದ ಹೇಳ್ಕೊಂಡು ಹೋಗಿ: ಕಮೋಡೋರ್, ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್, ಅಡ್ಮಿರಲ್. ಆರ್ಮಿಯಲ್ಲಿ ಇದಕ್ಕೆ ಸಮ ಬ್ರಿಗೇಡಿಯರ್, ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್, ಜನರಲ್. ಇದರ ಮೇಲೆ ಅಡ್ಮಿರಲ್ ಆಫ್ ದಿ ಫ್ಲೀಟ್ ಅಂತ ಐದು ನಕ್ಷತ್ರದ ದರ್ಜೆ ಇದೆ, ಭಾರತದಲ್ಲಿ ಇಲ್ಲಿವರೆಗೆ ಯಾರಿಗೂ ಕೊಟ್ಟಿಲ್ಲ. ಆರ್ಮಿಯಲ್ಲಿ ಮಾಣಿಕ್ ಷಾ ಮತ್ತೆ ನಮ್ಮ ಪಕ್ಕದ ಕೊಡಗಿನ ಕಾರ್ಯಪ್ಪನೋರು, ಏರ್‌ಫೋರ್ಸಲ್ಲಿ ಅರ್ಜನ್ ಸಿಂಗ್, ಇಷ್ಟೇ ಜನ ಐದು ನಕ್ಷತ್ರದೋರು.

ಭಾರತದ ಮೊದಲ ಅಡ್ಮಿರಲ್ ಕಟಾರಿನಾ ಚಟರ್ಜಿನಾ? ಒಂದೊಂದು ಬುಕ್ಕಲ್ಲಿ ಒಂದೊಂದು ಇದೆ

ಎರಡೂ ಸರಿ, ಪ್ರಶ್ನೆ ಬೇರೆ ಬೇರೆ. ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿದ್ರೂ ನಮ್ಮ ನೌಕಾಪಡೆ ಮುಖ್ಯಸ್ಥರು ಬ್ರಿಟಿಷ್ ಅಧಿಕಾರಿಗಳೇ ಆಗಿದ್ರು. 1958ರ ಏಪ್ರಿಲ್ 22ಕ್ಕೆ ರಾಮ್ ದಾಸ್ ಕಟಾರಿ ಅಧಿಕಾರ ತಗೊಂಡ್ರು, ಅವರು ಮೊದಲ ಭಾರತೀಯ ಮುಖ್ಯಸ್ಥ, ಆದ್ರೆ ದರ್ಜೆ ವೈಸ್ ಅಡ್ಮಿರಲ್. 1968ರಲ್ಲಿ ಆ ಹುದ್ದೆ ಪೂರ್ತಿ ಅಡ್ಮಿರಲ್ ದರ್ಜೆಗೆ ಏರಿತು, ಆಗ ಇದ್ದೋರು ಅಧರ್ ಕುಮಾರ್ ಚಟರ್ಜಿ. "ಮೊದಲ ಭಾರತೀಯ ಮುಖ್ಯಸ್ಥ" ಅಂದ್ರೆ ಕಟಾರಿ, "ಅಡ್ಮಿರಲ್ ದರ್ಜೆ ಪಡೆದ ಮೊದಲ ಭಾರತೀಯ" ಅಂದ್ರೆ ಚಟರ್ಜಿ. ಪ್ರಶ್ನೆ ಪೂರ್ತಿ ಕೇಳಿಸ್ಕೊಳ್ಳೋ ಮುಂಚೆ ಬಜರ್ ಒತ್ತಬೇಡಿ.

ಐಎನ್‌ಎಸ್ ಕದಂಬ ಅನ್ನೋ ಹಡಗನ್ನ ಎಲ್ಲಿ ನೋಡಬಹುದು?

ಅದು ಹಡಗಲ್ಲ, ಕಾರವಾರದ ನೌಕಾನೆಲೆ. ದಡದ ಮೇಲಿರೋ ನೆಲೆ, ಟ್ರೈನಿಂಗ್ ಸೆಂಟರ್‌ಗಳಿಗೂ ಹಡಗಿನ ಥರಾನೇ ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಅಂತ ಹೆಸರಿಡೋದು ಬ್ರಿಟಿಷ್ ನೌಕಾಪಡೆಯಿಂದ ಬಂದ ಪದ್ಧತಿ. ಐಎನ್‌ಎಸ್ ಶಿವಾಜಿ ಇರೋದು ಲೋಣಾವಳದ ಬೆಟ್ಟದ ಮೇಲೆ, ಅಲ್ಲಿ ಇಂಜಿನಿಯರಿಂಗ್ ಕಲಿಸ್ತಾರೆ. ಕಾರವಾರದ ನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ರು, ಪ್ರಾಜೆಕ್ಟ್ ಸೀಬರ್ಡ್ ಅಂತ, 2005ರಲ್ಲಿ ಸೇವೆಗೆ ಬಂತು, ಬನವಾಸಿ ಕದಂಬರ ಹೆಸರು. ವಿಕ್ರಮಾದಿತ್ಯ ವಿಮಾನವಾಹಕ ನೌಕೆಯ ಮನೆ ಇದೇ. ಒಳಗೆ ಸುಮ್ಮನೆ ಬಿಡಲ್ಲ, ಆದ್ರೆ ಕಾರವಾರದ ಟ್ಯಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಅನ್ನೋ ಹಳೇ ಮಿಸೈಲ್ ಬೋಟನ್ನ ಮ್ಯೂಸಿಯಂ ಮಾಡಿಟ್ಟಿದಾರೆ, ಕರಾಚಿಗೆ ಹೋದ ಬೋಟ್‌ಗಳ ಜಾತಿಯದ್ದೇ. ಸ್ಕೂಲ್ ಟ್ರಿಪ್ ಗೋಕರ್ಣದ ತನಕ ಹೋಗುತ್ತೆ, ದಯವಿಟ್ಟು ಇನ್ನೊಂದು ಸ್ವಲ್ಪ ಮುಂದೆ ಹೋಗಿ ಮಕ್ಕಳಿಗೆ ಅದನ್ನ ತೋರಿಸ್ಕೊಂಡು ಬನ್ನಿ ಮೇಷ್ಟ್ರೇ, ಅಷ್ಟು ಸಣ್ಣ ಬೋಟಲ್ಲಿ ಅಷ್ಟು ದೊಡ್ಡ ಮಿಸೈಲ್ ಹೊತ್ತು ಹೋಗ್ತಿದ್ರು ಅನ್ನೋದು ಫೋಟೋದಲ್ಲಿ ಗೊತ್ತಾಗಲ್ಲ.

ವಿಕ್ರಾಂತ್ ಎಷ್ಟಿದೆ? ಒಡೆದು ಹಾಕಿದ್ರು ಅಂತಾರೆ, ಈಗ ಇದೆ ಅಂತಾನೂ ಅಂತಾರೆ

ಎರಡು. ಹಳೇದು ಬ್ರಿಟನ್ನಿನ ಹರ್ಕ್ಯುಲಿಸ್, 1961ರಲ್ಲಿ ನಮ್ಮದಾಯ್ತು, 1997ರಲ್ಲಿ ನಿವೃತ್ತಿ, ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು, 2014ರಲ್ಲಿ ಒಡೆಯೋಕೆ ಕೊಟ್ರು. ಹೊಸದು ಕೊಚ್ಚಿಯಲ್ಲಿ ಕಟ್ಟಿದ್ದು, 2022ರ ಸೆಪ್ಟೆಂಬರ್ 2ಕ್ಕೆ ಸೇವೆಗೆ ಬಂತು. ಎರಡಕ್ಕೂ ನಂಬರ್ ಆರ್ 11. 1971ರಲ್ಲಿ ಹಳೇ ವಿಕ್ರಾಂತ್‌ನ ಒಂದು ಬಾಯ್ಲರ್ ಸೀಳಿತ್ತು, ಪೂರ್ತಿ ಸ್ಪೀಡ್ ಬರ್ತಿರಲಿಲ್ಲ, ಆದ್ರೂ ಬಂಗಾಳ ಕೊಲ್ಲಿಗೆ ತಗೊಂಡು ಹೋಗಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ವಿಮಾನ ಹಾರಿಸಿದ್ರು. ಅದನ್ನ ಹುಡುಕ್ಕೊಂಡು ಬಂದ ಪಾಕಿಸ್ತಾನದ ಗಾಜಿ ಸಬ್‌ಮೆರಿನ್ ವಿಶಾಖಪಟ್ಟಣದ ಹೊರಗೇ ಮುಳುಗಿತು.

ವಿಕ್ರಮಾದಿತ್ಯ ಬೇರೆ. ಸೋವಿಯತ್ ಕಾಲದಲ್ಲಿ ಅದರ ಹೆಸರು ಬಾಕು, ಆಮೇಲೆ ಅಡ್ಮಿರಲ್ ಗೋರ್ಷ್‌ಕೋವ್ ಅಂತ ಮಾಡಿದ್ರು, 2013ರಲ್ಲಿ ನಮಗೆ ಬಂತು. ಸೆರ್ಗೇಯ್ ಗೋರ್ಷ್‌ಕೋವ್ ಸುಮಾರು ಮೂವತ್ತು ವರ್ಷ ಸೋವಿಯತ್ ನೌಕಾಪಡೆ ಮುಖ್ಯಸ್ಥರಾಗಿದ್ದೋರು.

ನೇವಿಯಲ್ಲಿ ಪರಮವೀರ ಚಕ್ರ ಯಾರಿಗೆ ಬಂದಿದೆ?

ಯಾರಿಗೂ ಬಂದಿಲ್ಲ. ಮಹಾವೀರ ಚಕ್ರ ಬಂದಿದೆ, 1971ರಲ್ಲಿ ಯಾದವ್ ಅವರಿಗೆ, ಖುಕ್ರಿ ಅನ್ನೋ ಹಡಗಿನ ಕ್ಯಾಪ್ಟನ್ ಮುಲ್ಲಾ ಅವರಿಗೆ, ಇನ್ನೂ ಕೆಲವರಿಗೆ.

## ತಪ್ಪು ಉತ್ತರ ಜಾಸ್ತಿ ಓಡಾಡೋ ಪ್ರಶ್ನೆಗಳು

ನೆಲ್ಸನ್‌ಗೆ ಒಂದು ಕಣ್ಣು ಒಂದು ಕೈ ಇರ್ಲಿಲ್ಲ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಕೊಂಡಿದ್ದ, ಸರೀನಾ ಸರ್?

ಪಟ್ಟಿ ಸುಳ್ಳು. 1794ರಲ್ಲಿ ಕಾರ್ಸಿಕಾದ ಕಾಲ್ವಿಯಲ್ಲಿ ಗುಂಡು ಬಿದ್ದು ಚಿಮ್ಮಿದ ಕಲ್ಲು ಮಣ್ಣಿಂದ ಬಲಗಣ್ಣಿನ ದೃಷ್ಟಿ ಹೋಯ್ತು, ಕಣ್ಣು ಹಾಗೇ ಇತ್ತು, ನೋಡೋಕೆ ಏನೂ ಗೊತ್ತಾಗ್ತಿರಲಿಲ್ಲ. 1797ರಲ್ಲಿ ಟೆನೆರೀಫ್‌ನಲ್ಲಿ ಬಲಗೈ ಹೋಯ್ತು. 1801ರಲ್ಲಿ ಕೋಪನ್‌ಹೇಗನ್ ಯುದ್ಧದಲ್ಲಿ ಹಿಂದೆ ಸರಿ ಅಂತ ಸಿಗ್ನಲ್ ಬಂದಾಗ ಪಾಲಿಸಲಿಲ್ಲ ಅನ್ನೋದು ನಿಜ, ಕುರುಡುಗಣ್ಣಿಗೆ ದುರ್ಬೀನು ಇಟ್ಕೊಂಡು "ಕಾಣ್ತಿಲ್ಲ" ಅಂದ ಅನ್ನೋ ಭಾಗದ ಬಗ್ಗೆ ಇತಿಹಾಸಕಾರರಿಗೇ ಅನುಮಾನ ಇದೆ.

ಇನ್ನೊಂದು, ನೆಲ್ಸನ್ ಪೂರ್ತಿ ಅಡ್ಮಿರಲ್ ಆಗಲೇ ಇಲ್ಲ. 1805ರ ಅಕ್ಟೋಬರ್ 21ಕ್ಕೆ ಟ್ರಫಾಲ್ಗರ್‌ನಲ್ಲಿ ಸಾಯೋವಾಗ ವೈಸ್ ಅಡ್ಮಿರಲ್. ಅವತ್ತು ಬ್ರಿಟಿಷರ ಕಡೆ 27 ದೊಡ್ಡ ಹಡಗು, ಫ್ರಾನ್ಸ್ ಸ್ಪೇನ್ ಎರಡೂ ಸೇರಿ 33. ಆ ಕಾಲದಲ್ಲಿ ಎರಡೂ ಕಡೆ ಸಾಲಾಗಿ ನಿಂತು ಎದುರುಬದುರು ಹೊಡೆದಾಡೋರು, ನೆಲ್ಸನ್ ಎರಡು ಸಾಲು ಮಾಡ್ಕೊಂಡು ಎದುರಾಳಿ ಸಾಲಿನ ಮಧ್ಯಕ್ಕೇ ನೇರ ನುಗ್ಗಿಸಿದ, ಹಂಗೆ ನುಗ್ಗೋವಾಗ ಮುಂದಿನ ಹಡಗು ಒಂದೂ ಗುಂಡು ವಾಪಸ್ ಹೊಡೆಯೋಕಾಗದೆ ಏಟು ತಿನ್ನಬೇಕು, ಅದನ್ನ ಸಹಿಸ್ಕೊಂಡು ಒಳಗೆ ಹೋದಮೇಲೆ ಆಟ ಇವನದ್ದು. ಬ್ರಿಟಿಷರ ಒಂದು ಹಡಗೂ ಕಳೆದುಹೋಗಲಿಲ್ಲ. ಎದುರಾಳಿ ಅಡ್ಮಿರಲ್ ಹೆಸರು ವಿಲ್‌ನವ್, ಇದನ್ನ ಬರೆದಿಟ್ಕೊಳ್ಳಿ, ಸೋತವನ ಹೆಸರು ಫೈನಲ್ ರೌಂಡಲ್ಲಿ ಬರುತ್ತೆ. ನೆಲ್ಸನ್ ಮೈಯನ್ನ ಬ್ರಾಂಡಿ ತುಂಬಿದ ಪೀಪಾಯಿಯಲ್ಲಿಟ್ಟು ಊರಿಗೆ ತಂದಿದ್ದು ನಿಜ. ಅವನ ವಿಕ್ಟರಿ ಹಡಗು ಈಗ್ಲೂ ಪೋರ್ಟ್ಸ್‌ಮತ್‌ನಲ್ಲಿದೆ.

ಸ್ಪ್ಯಾನಿಷ್ ಆರ್ಮಡಾ ಸೋಲಿಸಿದ ಇಂಗ್ಲಿಷ್ ದಳಪತಿ ಫ್ರಾನ್ಸಿಸ್ ಡ್ರೇಕ್ ಅಲ್ವಾ?

ಆರ್ಮಡಾ ಅಂದ್ರೆ ಇಂಗ್ಲೆಂಡ್ ಮೇಲೆ ಸ್ಪೇನ್ ಕಳಿಸಿದ ದೊಡ್ಡ ನೌಕಾಪಡೆ. ಡ್ರೇಕ್ ಎರಡನೇ ಸ್ಥಾನದಲ್ಲಿದ್ದೋನು. 1588ರಲ್ಲಿ ಮುಖ್ಯ ದಳಪತಿ ಲಾರ್ಡ್ ಹೋವರ್ಡ್ ಆಫ್ ಎಫಿಂಗ್‌ಹ್ಯಾಂ. ಸ್ಪೇನ್ ಕಡೆ ಡ್ಯೂಕ್ ಆಫ್ ಮೆಡಿನಾ ಸಿಡೋನಿಯಾ, ಸುಮಾರು 130 ಹಡಗು. ಅದರಲ್ಲಿ ಜಾಸ್ತಿ ಹಾಳಾಗಿದ್ದು ಯುದ್ಧದಲ್ಲಲ್ಲ, ಸ್ಕಾಟ್ಲೆಂಡ್ ಐರ್ಲೆಂಡ್ ಸುತ್ತಿ ವಾಪಸ್ ಹೋಗೋವಾಗ ಬಿರುಗಾಳಿಗೆ.

ಗ್ರೇವ್‌ಲೈನ್ಸ್ ಯುದ್ಧ ಒಂದು ಬುಕ್ಕಲ್ಲಿ ಜುಲೈ 29, ಇನ್ನೊಂದರಲ್ಲಿ ಆಗಸ್ಟ್ 8. ಯಾವುದು ತಪ್ಪು?

ಯಾವುದೂ ತಪ್ಪಲ್ಲ. ಇದೂ ಆರ್ಮಡಾ ಜೊತೆಗಿನ ಯುದ್ಧಾನೇ, ಆ ಕಾಲಕ್ಕೆ ಸ್ಪೇನ್ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬದಲಾಗಿತ್ತು, ಇಂಗ್ಲೆಂಡ್ ಇನ್ನೂ ಹಳೇ ಜೂಲಿಯನ್‌ನಲ್ಲೇ ಇತ್ತು, ಹತ್ತು ದಿನ ವ್ಯತ್ಯಾಸ. ಇಂಗ್ಲೆಂಡ್ 1752ರಲ್ಲಿ ಬದಲಾಯಿಸ್ತು, ರಷ್ಯಾ 1918ರಲ್ಲಿ. ರಷ್ಯಾದ ನೌಕಾಯುದ್ಧಗಳ ತಾರೀಖು ನೋಡೋವಾಗ್ಲೂ ಇದು ನೆನಪಿರಲಿ.

ಕೊರಿಯಾದ ಯಿ ಸುನ್-ಸಿನ್ ಹತ್ರ ಇದ್ದಿದ್ದು 12 ಹಡಗಾ 13 ಹಡಗಾ?

ಈ ಪ್ರಶ್ನೆ ಬಂದ್ರೆ ನನಗೆ ಖುಷಿ, ಯಾಕಂದ್ರೆ ಪ್ರಪಂಚದ ಅಡ್ಮಿರಲ್‌ಗಳಲ್ಲಿ ನನ್ನ ಪ್ರಕಾರ ಇವರ ಮುಂದೆ ಯಾರೂ ಇಲ್ಲ. 1592ರಲ್ಲಿ ಜಪಾನ್ ಕೊರಿಯಾ ಮೇಲೆ ಬಿತ್ತು. ಯಿ ಸುನ್-ಸಿನ್ ಸಮುದ್ರದಲ್ಲಿ ಗೆಲ್ತಾನೇ ಹೋದ್ರು, ಹನ್ಸಾನ್ ದ್ವೀಪದ ಹತ್ರ ಜಪಾನಿನ ದೊಡ್ಡ ಪಡೇನೇ ಒಡೆದ್ರು. ಆದ್ರೆ ಆಸ್ಥಾನದಲ್ಲಿ ಚಾಡಿ ಮಾತು ಕೇಳಿ ರಾಜ ಇವರನ್ನೇ ಜೈಲಿಗೆ ಹಾಕಿ ಹಿಂಸೆ ಕೊಟ್ಟು ಸಾಮಾನ್ಯ ಸೈನಿಕನ ದರ್ಜೆಗೆ ಇಳಿಸಿದ. ಇವರ ಜಾಗಕ್ಕೆ ಬಂದ ವೋನ್ ಗ್ಯೂನ್ ಒಂದೇ ಯುದ್ಧದಲ್ಲಿ ಹೆಚ್ಚುಕಮ್ಮಿ ಇಡೀ ನೌಕಾಪಡೆ ಕಳ್ಕೊಂಡ. ಆಗ ಮತ್ತೆ ಯಿ ಅವರನ್ನೇ ಕರೆದ್ರು. ನೌಕಾಪಡೆ ಬಿಟ್ಟು ನೆಲದ ಸೈನ್ಯ ಸೇರ್ಕೋ ಅಂತ ರಾಜ ಹೇಳಿದಾಗ ನನ್ನ ಹತ್ರ ಇನ್ನೂ 12 ಹಡಗಿದೆ ಅಂತ ಕಾಗದ ಬರೆದ್ರು, ಆಮೇಲೆ ಇನ್ನೊಂದು ಸೇರಿತು, ಯುದ್ಧಕ್ಕೆ ಹೋಗೋವಾಗ 13. ಎರಡೂ ಸಂಖ್ಯೆ ಬಂದಿರೋದು ಹಿಂಗೆ.

1597ರ ಅಕ್ಟೋಬರ್ 26ಕ್ಕೆ ಮ್ಯೋಂಗ್ನ್ಯಾಂಗ್ ಜಲಸಂಧಿ, ಎದುರಿಗೆ ಜಪಾನಿನ 130ಕ್ಕಿಂತ ಹೆಚ್ಚು ಯುದ್ಧದ ಹಡಗು. ಜಾಗ ಬಲು ಕಿರಿದು, ನೀರಿನ ಸೆಳೆತ ಭಾರೀ ಜೋರು, ಅದೂ ದಿನದಲ್ಲಿ ಕೆಲವು ಸಲ ದಿಕ್ಕು ಬದಲಾಯಿಸುತ್ತೆ. ಸಂತೆ ದಿನ ಸಣ್ಣ ಗಲ್ಲಿಗೆ ಲಾರಿಗಳೆಲ್ಲ ಒಟ್ಟಿಗೆ ನುಗ್ಗಿದಂಗೆ ಜಪಾನಿನ ಹಡಗುಗಳು ಒಂದರ ಹಿಂದೆ ಒಂದು ಸಿಕ್ಕಾಕೊಂಡ್ವು, ಸೆಳೆತ ತಿರುಗಿದ ಮೇಲಂತೂ ಒಂದಕ್ಕೊಂದು ಡಿಕ್ಕಿ. ಯಿ ಕಡೆ ಒಂದು ಹಡಗೂ ಮುಳುಗಲಿಲ್ಲ. ಮುಂದಿನ ವರ್ಷ ನೋರ್ಯಾಂಗ್ ಯುದ್ಧದಲ್ಲಿ ಗುಂಡು ತಗುಲಿ ತೀರ್ಕೊಂಡ್ರು, ಸಾವನ್ನ ಯುದ್ಧ ಮುಗಿಯೋವರೆಗೂ ಹೇಳಬೇಡಿ ಅಂತ ಹೇಳಿ ಹೋದ್ರು. ಮೇಲೆ ಆಮೆ ಚಿಪ್ಪಿನ ಥರ ಮುಚ್ಚಿಗೆ ಇದ್ದ ಆಮೆ ಹಡಗು ಇವರ ಹೆಸರಿನ ಜೊತೆ ಬಂದೇ ಬರುತ್ತೆ, ಆದ್ರೆ ಮ್ಯೋಂಗ್ನ್ಯಾಂಗ್‌ನಲ್ಲಿ ಗೆದ್ದಿದ್ದು ಆಮೆ ಹಡಗಿಂದ ಅಂತ ಬರೀಬೇಡಿ, ಅವತ್ತಿದ್ದಿದ್ದು ಮಾಮೂಲಿ ಯುದ್ಧದ ಹಡಗು.

ಪ್ರಪಂಚದ ಅತಿ ದೊಡ್ಡ ನೌಕಾಯುದ್ಧ ಯಾವುದು?

ಯಾವ ಲೆಕ್ಕದಲ್ಲಿ ಅಂತ ಕೇಳಿ ಆಮೇಲೆ ಉತ್ತರ ಕೊಡಿ. ಸಾಮಾನ್ಯವಾಗಿ ಬೇಕಾಗಿರೋ ಉತ್ತರ ಲೇಟೆ ಕೊಲ್ಲಿ, 1944ರ ಅಕ್ಟೋಬರ್, ಫಿಲಿಪ್ಪೀನ್ಸ್. ದೊಡ್ಡ ಬ್ಯಾಟಲ್‌ಶಿಪ್‌ಗಳು ಎದುರುಬದುರಾದ ಲೆಕ್ಕ ಅಂದ್ರೆ 1916ರ ಜಟ್ಲಂಡ್, ಎರಡೂ ಕಡೆ ಸೇರಿ ಸುಮಾರು 250 ಹಡಗು. ಜನರ ಲೆಕ್ಕ ಅಂದ್ರೆ ಕ್ರಿ.ಪೂ. 256ರಲ್ಲಿ ರೋಮ್‌ಗೂ ಕಾರ್ಥೇಜ್‌ಗೂ ನಡೆದ ಎಕ್ನೋಮಸ್ ಅಂತ ಹಳೇ ಗ್ರೀಕ್ ಬರಹಗಾರರ ಸಂಖ್ಯೆ ನಂಬೋರು ಹೇಳ್ತಾರೆ.

ಪರ್ಲ್ ಹಾರ್ಬರ್ ದಾಳಿ ಮಾಡಿದ್ದು ಯಮಾಮೊಟೊ, ಮಿಡ್‌ವೇ ಗೆದ್ದಿದ್ದು ನಿಮಿಟ್ಜ್, ಇಷ್ಟು ಸಾಕಲ್ವಾ?

ಪ್ಲಾನ್ ಜಪಾನಿನ ಅಡ್ಮಿರಲ್ ಯಮಾಮೊಟೊದು, 1941ರ ಡಿಸೆಂಬರ್ 7ಕ್ಕೆ ಸಮುದ್ರದಲ್ಲಿ ಹಡಗುಗಳ ಜೊತೆ ಇದ್ದಿದ್ದು ನಗುಮೊ. ಮಿಡ್‌ವೇ ದ್ವೀಪದ ಯುದ್ಧ 1942ರ ಜೂನ್, ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಪರ್ಲ್ ಹಾರ್ಬರ್ ಆಫೀಸಲ್ಲಿದ್ರು, ಸಮುದ್ರದಲ್ಲಿದ್ದೋರು ಫ್ಲೆಚರ್ ಮತ್ತೆ ಸ್ಪ್ರೂಯನ್ಸ್. ಹಾಲ್ಸಿ ಹೋಗಬೇಕಿತ್ತು, ಚರ್ಮದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ರು. ಗೆಲುವಿನ ಬೇರು ಇದ್ದಿದ್ದು ಸಂಕೇತ ಬಿಡಿಸೋರ ಕೋಣೆಯಲ್ಲಿ. ಜಪಾನೀಯರ ಸಂದೇಶದಲ್ಲಿ ಎಎಫ್ ಅಂತ ಒಂದು ಜಾಗ ಬರ್ತಿತ್ತು, ಅದು ಮಿಡ್‌ವೇನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮಿಡ್‌ವೇನಲ್ಲಿ ಕುಡಿಯೋ ನೀರಿನ ಮಿಷಿನ್ ಕೆಟ್ಟಿದೆ ಅಂತ ಅಮೆರಿಕದೋರು ಬೇಕಂತಲೇ ಗುಟ್ಟಿಲ್ಲದೆ ಸಂದೇಶ ಬಿಟ್ರು, ಸ್ವಲ್ಪ ಸಮಯಕ್ಕೆ ಎಎಫ್‌ನಲ್ಲಿ ನೀರಿಗೆ ತೊಂದರೆ ಅಂತ ಜಪಾನಿನ ಸಂದೇಶ ಸಿಕ್ತು. ಅಕಾಗಿ, ಕಾಗಾ, ಸೋರ್ಯು, ಹಿರ್ಯು, ಜಪಾನಿನ ನಾಲ್ಕು ವಿಮಾನವಾಹಕ ಹೋದ್ವು. 1943ರ ಏಪ್ರಿಲ್ 18ಕ್ಕೆ ಯಮಾಮೊಟೊ ಇದ್ದ ವಿಮಾನಾನ ಬೂಗನ್‌ವಿಲ್ ಮೇಲೆ ಹೊಡೆದುರುಳಿಸಿದ್ದೂ ಹಿಂಗೇ ಸಂಕೇತ ಬಿಡಿಸಿ.

ಸಮುದ್ರವೇ ಇಲ್ಲದ ದೇಶಕ್ಕೆ ಅಡ್ಮಿರಲ್ ಆಳಿದ್ದು ಹೌದಾ ಸರ್?

ಹೌದು, ಹಂಗರಿಯ ಮಿಕ್ಲೋಶ್ ಹೋರ್ತಿ. ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ನೌಕಾಪಡೆಯ ಕೊನೇ ದಳಪತಿ, ಮೊದಲ ಮಹಾಯುದ್ಧ ಸೋತು ದೇಶ ಒಡೆದು ಕರಾವಳಿ ಹೋಯ್ತು, ಅವರು 1920ರಿಂದ 1944ರವರೆಗೆ ಆಳಿದ್ರು. ಜರ್ಮನಿಯಲ್ಲಿ ಹಿಟ್ಲರ್ ಸತ್ತಮೇಲೆ ಕೆಲವು ದಿನ ದೇಶದ ಮುಖ್ಯಸ್ಥ ಆಗಿದ್ದೂ ಒಬ್ಬ ಅಡ್ಮಿರಲ್ಲೇ, ಡೋನಿಟ್ಜ್. ಬೊಲಿವಿಯಾಕ್ಕೆ ಚಿಲಿ ಜೊತೆ ಯುದ್ಧದಲ್ಲಿ ಕರಾವಳಿ ಹೋದ್ರೂ ಇವತ್ತಿಗೂ ನೌಕಾಪಡೆ ಇದೆ, ಟಿಟಿಕಾಕಾ ಸರೋವರದಲ್ಲಿ ಓಡಾಡುತ್ತೆ.

ಹೆಣ್ಣುಮಕ್ಕಳು ಅಡ್ಮಿರಲ್ ಆಗಿದಾರಾ? ನಮ್ಮ ಟೀಮಲ್ಲಿ ಎಲ್ಲಾ ಹುಡುಗೀರೇ, ಹೆಸರು ಬೇಕು

ಬರ್ಕೊಳ್ಳಮ್ಮಾ. ಕ್ರಿ.ಪೂ. 480ರ ಸಲಾಮಿಸ್ ಯುದ್ಧದಲ್ಲಿ ಪರ್ಷಿಯಾದ ಕಡೆ ತನ್ನ ಹಡಗುಗಳನ್ನ ತಾನೇ ನಡೆಸಿದ ರಾಣಿ ಆರ್ಟೆಮಿಸಿಯಾ, ಅಲ್ಲಿ ಯುದ್ಧ ಬೇಡ ಅಂತ ಮೊದಲೇ ಎಚ್ಚರಿಸಿದ್ದೂ ಅವಳೇ. 1821ರ ಗ್ರೀಕ್ ಸ್ವಾತಂತ್ರ್ಯ ಯುದ್ಧದ ಬೂಬುಲಿನಾ. ಅಮೆರಿಕದ ರಿಯರ್ ಅಡ್ಮಿರಲ್ ಗ್ರೇಸ್ ಹಾಪರ್, ಕಂಪ್ಯೂಟರ್ ಓದೋರಿಗೆ ಕೋಬಾಲ್ ಭಾಷೆ ಮೂಲಕ ಗೊತ್ತಿರುತ್ತೆ, ಅವರ ಹೆಸರಲ್ಲಿ ಯುದ್ಧನೌಕೆನೂ ಇದೆ. ಭಾರತದಲ್ಲಿ ಪುನೀತಾ ಅರೋರಾ, ಸೇನೆಯಲ್ಲಿ ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್ ಆಗಿ ಆಮೇಲೆ ನೌಕಾಪಡೆಗೆ ಬಂದು ಸರ್ಜನ್ ವೈಸ್ ಅಡ್ಮಿರಲ್ ಆದೋರು. 2017–18ರಲ್ಲಿ ವರ್ತಿಕಾ ಜೋಶಿ ನಾಯಕತ್ವದಲ್ಲಿ ನೌಕಾಪಡೆಯ ಹೆಣ್ಣುಮಕ್ಕಳ ತಂಡ ತಾರಿಣಿ ಅನ್ನೋ ಹಾಯಿ ದೋಣಿಯಲ್ಲಿ ಭೂಮಿ ಸುತ್ತಿ ಬಂತು.

## ಪಳಗಿದವರಿಗೆ, ನಮ್ಮ ಕಡೆಯದ್ದೂ ಸೇರಿ

ತ್ಸುಷಿಮಾ ಯುದ್ಧದಲ್ಲಿ ರಷ್ಯಾ ಅಷ್ಟು ಹೀನಾಯವಾಗಿ ಸೋತಿದ್ದು ಯಾಕೆ?

ಯುದ್ಧಕ್ಕೆ ಮುಂಚೇನೇ ಸುಸ್ತಾಗಿದ್ರು ಅನ್ನೋದು ದೊಡ್ಡ ಕಾರಣ. ರೊಝೆಸ್ಟ್‌ವೆನ್ಸ್‌ಕಿ ಅನ್ನೋ ಅಡ್ಮಿರಲ್ ಬಾಲ್ಟಿಕ್ ಸಮುದ್ರದಿಂದ ಹೊರಟು ಸುಮಾರು 18,000 ನಾಟಿಕಲ್ ಮೈಲಿ, ದೊಡ್ಡ ಹಡಗುಗಳೆಲ್ಲ ಆಫ್ರಿಕಾ ಸುತ್ಕೊಂಡು ಬಂದ್ವು. ದಾರೀಲಿ ಸ್ವಂತ ಬಂದರಿಲ್ಲ, ಕಲ್ಲಿದ್ದಲು ಸಿಕ್ಕಲ್ಲಿ ಡೆಕ್ ಮೇಲೆಲ್ಲ ತುಂಬ್ಕೊಂಡು ಬಿಸಿಲಲ್ಲಿ ಬಂದಿದ್ದು. ಶುರುವಿನಲ್ಲೇ ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಹತ್ರ ಬ್ರಿಟಿಷ್ ಮೀನುಗಾರರ ದೋಣಿಗಳನ್ನ ಜಪಾನಿನ ಟಾರ್ಪಿಡೋ ಬೋಟ್ ಅಂದ್ಕೊಂಡು ಹೊಡೆದು ರಂಪ ಆಗಿತ್ತು. 1905ರ ಮೇ 27ಕ್ಕೆ ಜಪಾನಿನ ಅಡ್ಮಿರಲ್ ಟೋಗೋ ಹೈಹಚಿರೋ ಮಿಕಾಸಾ ಹಡಗಿನಲ್ಲಿ ಕಾಯ್ತಾ ಇದ್ದ, ರಷ್ಯಾದೋರ ಸಾಲಿಗೆ ಅಡ್ಡ ಬರೋ ಹಾಗೆ ತಿರುಗಿಸಿದ. ಅಡ್ಡ ನಿಂತೋರ ಎಲ್ಲಾ ತೋಪೂ ಎದುರಿನ ಮೊದಲ ಹಡಗಿನ ಮೇಲೆ, ಎದುರಿನೋರಿಗೆ ಮುಂದಿನ ತೋಪು ಮಾತ್ರ. ಎರಡು ದಿನದಲ್ಲಿ ರಷ್ಯಾದ ನೌಕಾಪಡೆ ಮುಗೀತು. ಮಿಕಾಸಾ ಯೊಕೊಸುಕಾದಲ್ಲಿ ಮ್ಯೂಸಿಯಂ ಆಗಿದೆ.

ಖುಕ್ರಿ ಮುಳುಗಿದ್ದನ್ನ ಕ್ವಿಜ್‌ನಲ್ಲಿ ಹೇಗೆ ಕೇಳ್ತಾರೆ?

1971ರ ಡಿಸೆಂಬರ್ 9, ದಿಯು ಹತ್ತಿರ, ಹೊಡೆದಿದ್ದು ಪಾಕಿಸ್ತಾನದ ಹಂಗೋರ್ ಸಬ್‌ಮೆರಿನ್. 18 ಅಧಿಕಾರಿಗಳು, 176 ನಾವಿಕರು ಹೋದ್ರು, ಕ್ಯಾಪ್ಟನ್ ಮಹೇಂದ್ರ ನಾಥ್ ಮುಲ್ಲಾ ಹಡಗು ಬಿಟ್ಟು ಹೋಗಲಿಲ್ಲ. ದಿಯುನಲ್ಲಿ ಸ್ಮಾರಕ ಇದೆ. ಎರಡನೇ ಮಹಾಯುದ್ಧ ಆದಮೇಲೆ ಸಬ್‌ಮೆರಿನ್‌ಗೆ ಬಲಿಯಾದ ಮೊದಲ ಯುದ್ಧನೌಕೆ ಅಂತ ಕೇಳ್ತಾರೆ. ಅದರ ಜೊತೆಗೆ ಬರೋದು 1982ರ ಮೇ 2, ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೋ, ಅಣುಶಕ್ತಿ ಸಬ್‌ಮೆರಿನ್ ಮುಳುಗಿಸಿದ ಮೊದಲ ಯುದ್ಧನೌಕೆ, ಸಬ್‌ಮೆರಿನ್ ಹೆಸರು ಕಾಂಕರರ್. ಸೋತ ದಿನದ ಪ್ರಶ್ನೆನೂ ಮಕ್ಕಳಿಗೆ ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ, ಆ 194 ಜನರ ಹೆಸರು ಟ್ರೈಡೆಂಟ್ ಜೊತೆಗೇ ಇರಬೇಕಾದ್ದು.

ನಮ್ಮ ಲಕ್ಕವಳ್ಳಿ ತೇಗದಲ್ಲಿ ಬ್ರಿಟಿಷರು ಯುದ್ಧದ ಹಡಗು ಕಟ್ಟಿದ್ರು ಅಂತ ತಾತ ಹೇಳ್ತಾರೆ

ದಾಖಲೆಯಲ್ಲಿ ಮಲಬಾರ್ ತೇಗ ಅಂತಿದೆ, ಲಕ್ಕವಳ್ಳಿ ಅಂತ ಸೇರಿಸಿ ಹೇಳೋಕಾಗಲ್ಲ. ಆದ್ರೆ ತೇಗದ ಹಡಗಿನ ವಿಷಯ ಪೂರ್ತಿ ನಿಜ. ಟ್ರಿಂಕೋಮಲಿ ಅನ್ನೋ ಬ್ರಿಟಿಷ್ ಯುದ್ಧನೌಕೆಯನ್ನ ಬಾಂಬೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಕರ್ಮಿಗಳು ಕಟ್ಟಿದ್ದು, 1817ರಲ್ಲಿ ನೀರಿಗಿಳೀತು, ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲ್ತಾ ನಿಂತಿದೆ. ಇಂಗ್ಲೆಂಡಿನ ಓಕ್ ಮರಕ್ಕೆ ಹುಳಿ ಅಂಶ ಜಾಸ್ತಿ, ಕಬ್ಬಿಣದ ಮೊಳೆ ತಿಂದುಹಾಕುತ್ತೆ, ಕೊಳೆಯೋದೂ ಬೇಗ. ತೇಗದಲ್ಲಿ ಎಣ್ಣೆ ಇದೆ, ಮೊಳೆ ಉಳಿಯುತ್ತೆ, ಹುಳ ಹಿಡಿಯೋದು ಕಮ್ಮಿ.

ಮೈಸೂರು ಹೆಸರಿನ ಯುದ್ಧನೌಕೆ ಇದೆಯಾ?

ಎರಡು ಬಂದಿವೆ. ಮೊದಲನೇದು ಬ್ರಿಟನ್ನಿನ ನೈಜೀರಿಯಾ ಅನ್ನೋ ಕ್ರೂಸರ್, 1957ರಲ್ಲಿ ಮೈಸೂರ್ ಆಯ್ತು, 1971ರಲ್ಲಿ ಪಶ್ಚಿಮ ನೌಕಾದಳದ ಮುಖ್ಯ ಹಡಗು ಇದೇ. ಎರಡನೇದು 1999ರಲ್ಲಿ ಸೇವೆಗೆ ಬಂದ ಡಿಸ್ಟ್ರಾಯರ್, ಲಾಂಛನದಲ್ಲಿ ಗಂಡಭೇರುಂಡ.

ರಾಣಿ ಅಬ್ಬಕ್ಕ ಐಎನ್‌ಎಸ್ಸಾ ಐಸಿಜಿಎಸ್ಸಾ?

ಐಸಿಜಿಎಸ್. ಕೋಸ್ಟ್ ಗಾರ್ಡ್ ಹಡಗು, ವಿಶಾಖಪಟ್ಟಣದಲ್ಲಿ ಕಟ್ಟಿದ್ದು, 2012ರಲ್ಲಿ ಸೇವೆಗೆ ಬಂತು. ಪೋರ್ಚುಗೀಸರನ್ನ ಎದುರಿಸಿದ ಉಳ್ಳಾಲದ ರಾಣಿಯ ಹೆಸರು.

ಕನ್ನಡ ರಾಜರಿಗೆ ನೌಕಾಪಡೆ ಇತ್ತಾ? ಚೋಳರದ್ದು ಮಾತ್ರ ಕೇಳ್ತಾರೆ

ಚೋಳರದ್ದು ದೊಡ್ಡದೇ, 1025ರಲ್ಲಿ ರಾಜೇಂದ್ರ ಚೋಳ ಶ್ರೀವಿಜಯದ ಮೇಲೆ ಹೋಗಿದ್ದು ಕಮ್ಮಿ ಸಾಧನೆಯಲ್ಲ. ಆದ್ರೆ ಅದಕ್ಕಿಂತ ನಾಲ್ಕು ಶತಮಾನ ಹಿಂದೆ ಇಮ್ಮಡಿ ಪುಲಕೇಶಿ ನೂರಾರು ಹಡಗು ತಗೊಂಡು ಪುರಿ ಅನ್ನೋ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದನ್ನ ರವಿಕೀರ್ತಿ ಬರೆದ 634ರ ಐಹೊಳೆ ಶಾಸನ ಹೇಳುತ್ತೆ, ಆ ಪಟ್ಟಣಾನ ಪಶ್ಚಿಮ ಸಮುದ್ರದ ಲಕ್ಷ್ಮಿ ಅಂತ ಕರೆಯುತ್ತೆ. ಇದು ಒಡಿಶಾದ ಪುರಿ ಅಲ್ಲ, ಕೊಂಕಣ ಕರಾವಳಿಯದ್ದು. ಬಸ್ಸಲ್ಲಿ ಐಹೊಳೆ ಟ್ರಿಪ್ ಹೋಗಿ ದುರ್ಗದ ಗುಡಿ ಮುಂದೆ ಫೋಟೋ ಹೊಡ್ಕೊಂಡು ಬರೋ ನಾವು ಮೇಗುಟಿ ಗುಡ್ಡ ಹತ್ತಿ ಆ ಶಾಸನ ನೋಡದೇ ಬರ್ತೀವಿ.

ಇನ್ನೊಂದು ಬಸ್ರೂರು. 1665ರ ಫೆಬ್ರವರಿಯಲ್ಲಿ ಶಿವಾಜಿ ತಾನೇ ಹಡಗು ಹತ್ತಿ ಬಂದು ದಾಳಿ ಮಾಡಿದ್ದು ಕುಂದಾಪುರದ ಪಕ್ಕದ ಈ ಬಂದರಿನ ಮೇಲೆ, ಆಗ ಅದು ಕೆಳದಿ ನಾಯಕರದ್ದು. ಮರಾಠರ ದಳಪತಿ ಕಾನ್ಹೋಜಿ ಆಂಗ್ರೆ ಬಂದಿದ್ದು ಶಿವಾಜಿ ಕಾಲ ಮುಗಿದ ಮೇಲೆ, 1721ರಲ್ಲಿ ಇಂಗ್ಲಿಷರು ಪೋರ್ಚುಗೀಸರು ಇಬ್ಬರೂ ಸೇರಿ ಬಂದ್ರೂ ಅಲಿಬಾಗಿನ ಕೊಲಾಬಾ ಕೋಟೆ ತಗೊಳ್ಳೋಕಾಗಲಿಲ್ಲ.

ನೆಲ್ಸನ್ ಇಂಡಿಯಾಗೆ ಬಂದಿದ್ನಾ?

ಬಂದಿದ್ದ, ಮೊದಲ ಸಲ ಗುಂಡಿನ ಸದ್ದು ಕೇಳಿದ್ದು ನಮ್ಮ ಹೈದರಾಲಿ ಹಡಗುಗಳ ಎದುರಲ್ಲೇ. ಸೀಹಾರ್ಸ್ ಅನ್ನೋ ಹಡಗಿನಲ್ಲಿ ಹುಡುಗನಾಗಿ ಸೇರ್ಕೊಂಡು ಮದ್ರಾಸು, ಕಲ್ಕತ್ತ, ಬಾಂಬೆ ಎಲ್ಲಾ ಓಡಾಡಿದ. 1775ರ ಫೆಬ್ರವರಿಯಲ್ಲಿ ಮಲಬಾರ್ ಕರಾವಳಿ ಹತ್ರ ಹೈದರನ ಎರಡು ಹಡಗು ಎದುರಾಗಿ ಸ್ವಲ್ಪ ಹೊತ್ತು ಗುಂಡು ಹಾರಿತು. ಆಗ ನೆಲ್ಸನ್‌ಗೆ 16 ವರ್ಷ. ಆಮೇಲೆ ಮಲೇರಿಯಾ ಹಿಡಿದು ಸಾಯೋ ಹಾಗಾಗಿ 1776ರಲ್ಲಿ ಊರಿಗೆ ಕಳಿಸಿದ್ರು. ನೆಲ್ಸನ್ ಬಗ್ಗೆ ಒಂದೇ ಪ್ರಶ್ನೆ ಹಾಕೋದಾದ್ರೆ ಮೇಷ್ಟ್ರುಗಳು ಇದನ್ನ ಹಾಕ್ಲಿ ಅಂತ ನನ್ನ ಆಸೆ.

ಹೈದರಾಲಿಯನ್ನ ಭೇಟಿ ಮಾಡಿದ ಫ್ರೆಂಚ್ ಅಡ್ಮಿರಲ್ ಯಾರು? ಅವನಿಂದ ಏನಾಯ್ತು?

ಸುಫ್ರೆನ್. ಎರಡನೇ ಮೈಸೂರು ಯುದ್ಧದ ಸಮುದ್ರದ ಭಾಗ ಇದು, ನಮ್ಮ ಪಾಠದಲ್ಲಿ ಪೊಳ್ಳಿಲೂರಿನ ನೆಲದ ಯುದ್ಧ ಬರುತ್ತೆ, ಇದು ಬರಲ್ಲ. 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ನುಗ್ಗಿ ಹೈದರನ ಹಡಗುಗಳನ್ನ ನಾಶ ಮಾಡಿದ. ಹೈದರನಿಗೆ ನೆಲದ ಮೇಲೆ ಬಲ ಇತ್ತು, ಸಮುದ್ರ ಖಾಲಿ ಆಯ್ತು, ಮದ್ರಾಸಿಗೆ ಸಮುದ್ರದ ಮೇಲಿಂದ ಅಕ್ಕಿ, ಸೈನಿಕರು ಬರೋದನ್ನ ತಡೆಯೋಕೆ ಯಾರೂ ಇಲ್ಲ. ಆ ಜಾಗಕ್ಕೆ 1782ರಲ್ಲಿ ಬಂದಿದ್ದು ಸುಫ್ರೆನ್. ಹ್ಯೂಸ್ ಜೊತೆ ಐದು ಯುದ್ಧ ಮಾಡಿದ: ಸದ್ರಾಸ್, ಪ್ರಾವಿಡಿಯನ್, ನಾಗಪಟ್ಟಣಂ, ಟ್ರಿಂಕೋಮಲಿ, ಕಡಲೂರು. ಕ್ರಮ ಹಿಂಗೇ ನೆನಪಿಟ್ಕೊಳ್ಳಿ, ಮೊದಲ ನಾಲ್ಕು ಒಂದೇ ವರ್ಷದಲ್ಲಿ. ಇಬ್ಬರೂ ಜಗ್ಗಲಿಲ್ಲ, ಒಬ್ಬರೂ ಪೂರ್ತಿ ಗೆಲ್ಲಲಿಲ್ಲ. ಸುಫ್ರೆನ್‌ಗೆ ಹತ್ತಿರದಲ್ಲಿ ರಿಪೇರಿಗೆ ಒಳ್ಳೆ ಬಂದರಿಲ್ಲ, ಅವನ ಕೆಳಗಿನ ಕ್ಯಾಪ್ಟನ್‌ಗಳೇ ಮಾತು ಕೇಳ್ತಿರಲಿಲ್ಲ, ಅಂಥಾದ್ರಲ್ಲೂ ಮಾಸ್ಟ್ ಮುರಿದ ಹಡಗುಗಳನ್ನ ಹೆಂಗೋ ಸರಿ ಮಾಡ್ಕೊಂಡು ಮತ್ತೆ ಮತ್ತೆ ಬಂದ.

1782ರ ಜುಲೈನಲ್ಲಿ ಕಡಲೂರಿನ ಹತ್ತಿರ ಹೈದರನ ಬಿಡಾರದಲ್ಲಿ ಇಬ್ಬರೂ ಭೇಟಿಯಾದ್ರು, ಹೈದರ್ ದೊಡ್ಡ ಮರ್ಯಾದೆಯಿಂದ ಬರಮಾಡ್ಕೊಂಡ. ಮುಂದಿನ ತಿಂಗಳು ಸುಫ್ರೆನ್ ಟ್ರಿಂಕೋಮಲಿ ಬಂದರನ್ನ ಹಿಡಿದ. ಡಿಸೆಂಬರ್‌ನಲ್ಲಿ ಹೈದರ್ ತೀರ್ಕೊಂಡ. 1783ರ ಜೂನ್ 20ಕ್ಕೆ ಕಡಲೂರಿನ ಕೊನೇ ಯುದ್ಧ ಆಯ್ತು, ಸುಫ್ರೆನ್ ಕಡೆ ಹಡಗು ಕಮ್ಮಿ ಇದ್ರೂ ಹ್ಯೂಸ್ ಮದ್ರಾಸಿಗೆ ಹಿಂದೆ ಸರಿದ, ಫ್ರೆಂಚರ ಕೈಲಿದ್ದ ಊರನ್ನ ಮುತ್ತಿಗೆ ಹಾಕಿದ್ದ ಇಂಗ್ಲಿಷ್ ಸೈನ್ಯ ಸಮುದ್ರದ ಆಸರೆ ಇಲ್ಲದೆ ಕೂತ್ಕೋಬೇಕಾಯ್ತು. ಅಷ್ಟೊತ್ತಿಗೆ ಯೂರೋಪಿನಲ್ಲಿ ಬ್ರಿಟನ್ ಮತ್ತೆ ಫ್ರಾನ್ಸ್ ಮೊದಲ ಸಂಧಿಗೆ ಸಹಿ ಹಾಕಿ ಐದು ತಿಂಗಳಾಗಿತ್ತು, 1783ರ ಜನವರಿ 20. ಸುದ್ದಿ ಕಡಲೂರಿಗೆ ಬಂದಿದ್ದು ಯುದ್ಧ ಮುಗಿದ ಮುಂದಿನ ವಾರ. ಫ್ರೆಂಚರು ಅಲ್ಲಿಗೇ ನಿಲ್ಲಿಸಿದ್ರು, ಟಿಪ್ಪು ಮಂಗಳೂರಿನಲ್ಲಿ ಒಂಟಿಯಾಗಿ ಮುಂದುವರಿಸಿದ, 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ ಆಗೋವರೆಗೂ.